ಹಿತ್ತಲಿಗೊಂದು ಪಪ್ಪಾಯಿ: ಹೂ ಬಿಡುವ ತನಕ ಗಿಡ ಕೀಳಬೇಡಿ

ಅಡುಗೆಮನೆ ಹಿಂಬಾಗಿಲ ಹತ್ತಿರ, ಪಾತ್ರೆ ತೊಳೆದ ನೀರು ಹರಿಯುವ ಕಡೆ, ಯಾರೂ ನೆಡದೆ ಹುಟ್ಟಿದ ಪಪ್ಪಾಯಿ ಗಿಡ ಎಷ್ಟೋ ಮನೆಗಳಲ್ಲಿ ಇರುತ್ತದೆ. ಅದು ಎದೆಮಟ್ಟ ಬರುವಷ್ಟರಲ್ಲಿ ಚರ್ಚೆ ಶುರುವಾಗುತ್ತದೆ. ಗಂಡೋ, ಹೆಣ್ಣೋ? ನಮ್ಮ ಮೈಸೂರಿನ ಮನೆಯಲ್ಲಿ ಅಮ್ಮ ಕಾಂಡ ಮುಟ್ಟಿ ನೋಡಿ ತೀರ್ಪು ಕೊಡುತ್ತಿದ್ದರು. "ಸಪೂರ ಇದೆ, ಗಂಡು ಗಿಡ ಕಣೇ. ಕಿತ್ತು ಹಾಕು." ಹಾಗೆ ಕಿತ್ತು ಹಾಕಿದ ಗಿಡಗಳಲ್ಲಿ ಎಷ್ಟು ಹಣ್ಣು ಬಿಡುತ್ತಿದ್ದವೋ ಅಂತ ಈಗ ನೆನೆದರೆ ಬೇಸರವಾಗುತ್ತದೆ.

ಪಪ್ಪಾಯಿ ಬೆಳೆಯುವುದು ಕಷ್ಟವಲ್ಲ. ಮಾವು, ಹಲಸಿನ ಹಾಗೆ ವರ್ಷಗಟ್ಟಲೆ ಕಾಯಬೇಕಿಲ್ಲ. ಸಸಿ ನೆಟ್ಟು ಒಂಬತ್ತು ಹತ್ತು ತಿಂಗಳಿಗೆ ಹಣ್ಣು ಕೈಗೆ ಬರುತ್ತದೆ. ಒಂದು ಗಿಡಕ್ಕೆ 6 ಅಡಿ ಜಾಗ ಸಾಕು. ಆದರೆ ಎರಡು ವಿಷಯದಲ್ಲಿ ಮಾತ್ರ ಅವಸರ, ಅಸಡ್ಡೆ ನಡೆಯುವುದಿಲ್ಲ: ಹೂ ನೋಡದೆ ಗಿಡ ಕೀಳಬಾರದು, ಬುಡದಲ್ಲಿ ನೀರು ನಿಲ್ಲಬಾರದು.

ಯಾವ ಬೀಜ?

ಸಾಧ್ಯವಾದರೆ ಒಳ್ಳೆಯ ತಳಿಯ ಬೀಜದಿಂದಲೇ ಶುರು ಮಾಡಿ. ಕೊಡಗಿನ ಚೆಟ್ಟಳ್ಳಿಯಲ್ಲಿ ಆಯ್ಕೆ ಮಾಡಿದ 'ಕೂರ್ಗ್ ಹನಿ ಡ್ಯೂ' ನಮ್ಮಲ್ಲಿ ಹಳೆಯ ಹೆಸರು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಸೂರ್ಯ' ತಳಿಯ ಹಣ್ಣು 600ರಿಂದ 800 ಗ್ರಾಂ ತೂಗುತ್ತದೆ. ಒಳಗೆ ಕೆಂಪು ತಿರುಳು. ಸಣ್ಣ ಕುಟುಂಬ ಒಂದೇ ಸಲಕ್ಕೆ ತಿಂದು ಮುಗಿಸಬಹುದು. ಮನೆ ಹಿತ್ತಲಿಗೆ ನನ್ನ ಓಟು ಇದಕ್ಕೇ. ಅದೇ ಸಂಸ್ಥೆಯ 'ಅರ್ಕಾ ಪ್ರಭಾತ್' ಹಣ್ಣು ಇದಕ್ಕಿಂತ ಸ್ವಲ್ಪ ದೊಡ್ಡದು. ಈ ಮೂರರಲ್ಲೂ ಬರೀ ಗಂಡು ಗಿಡ ಹುಟ್ಟುವುದಿಲ್ಲ. ಗಿಡ ಹೆಣ್ಣಾಗಿರುತ್ತದೆ, ಇಲ್ಲವೇ ಒಂದೇ ಹೂವಿನಲ್ಲಿ ಗಂಡು-ಹೆಣ್ಣು ಎರಡೂ ಇರುವ ದ್ವಿಲಿಂಗಿ ಆಗಿರುತ್ತದೆ. ಎರಡೂ ಹಣ್ಣು ಬಿಡುತ್ತವೆ.

ಅಂಗಡಿಯಲ್ಲಿ ತಂದ 'ರೆಡ್ ಲೇಡಿ' ಹಣ್ಣು ತಿಂದು ಅದರ ಬೀಜ ಎತ್ತಿಡುವವರು ಜಾಸ್ತಿ. ಅದು ಹೈಬ್ರಿಡ್. ಅದರ ಬೀಜದ ಗಿಡ ತಾಯಿಯ ಹಾಗೆಯೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ.

ಹಣ್ಣಿನಿಂದ ತೆಗೆದ ಬೀಜದ ಸುತ್ತ ಲೋಳೆಯ ಚೀಲ ಇರುತ್ತದೆ, ನೋಡಿದ್ದೀರಲ್ವಾ? ಮೊಳಕೆಯನ್ನು ತಡೆಯುವುದು ಅದೇ. ಬೀಜವನ್ನು ಬೂದಿಯಲ್ಲಿ ಹಾಕಿ ಬೆರಳಿನಿಂದ ತಿಕ್ಕಿದರೆ ಚೀಲ ಪಟ್ ಅಂತ ಒಡೆದು, ಒಳಗಿನ ಗರಗರ ಕಪ್ಪು ಬೀಜ ಸಿಗುತ್ತದೆ. ತೊಳೆದು, ನೆರಳಲ್ಲಿ ಒಣಗಿಸಿ. ಬಿತ್ತುವ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿ.

ಸಣ್ಣ ಕವರಿಗೆ ಮಣ್ಣು, ಮರಳು, ಗೊಬ್ಬರ ಸಮ ಪಾಲು ತುಂಬಿ, ಒಂದೊಂದರಲ್ಲಿ ಎರಡು ಮೂರು ಬೀಜ ಅರ್ಧ ಇಂಚು ಆಳಕ್ಕೆ ಊರಿ. ಮೊಳಕೆಗೆ ಎರಡು ಮೂರು ವಾರ ಹಿಡಿಯುತ್ತದೆ. ದಿನಾ ನೀರು ಸುರಿದರೆ ಮೊಳಕೆ ಬಂದ ಸಸಿ ಬುಡದಲ್ಲಿ ಕೊಳೆತು ಮಲಗಿಬಿಡುತ್ತದೆ. ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಹಾಕಿ. ಸಸಿ ಒಂದು ಗೇಣು ಬೆಳೆದಾಗ, ಅಂದರೆ ಒಂದೂವರೆ ಎರಡು ತಿಂಗಳಿಗೆ, ನೆಲಕ್ಕೆ ಹೋಗಲು ತಯಾರು.

ಗುಂಡಿಗಿಂತ ದಿಬ್ಬ ಮುಖ್ಯ

ಇಡೀ ದಿನ ಬಿಸಿಲು ಬೀಳುವ ಜಾಗ ಬೇಕು. ಕಾಂಡ ಪೊಳ್ಳು, ಜೋರು ಗಾಳಿಗೆ ಮುರಿಯುತ್ತದೆ. ಹಾಗಾಗಿ ಗಾಳಿ ಬೀಸುವ ಕಡೆ ಗೋಡೆಯೋ ಬೇಲಿಯೋ ಇದ್ದರೆ ಒಳ್ಳೆಯದು. ಎರಡಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಒಂದು ವಾರ ಬಿಸಿಲಿಗೆ ಬಿಡಿ. ಆಮೇಲೆ ಮೇಲ್ಮಣ್ಣಿಗೆ 10 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಕೆಜಿ ಬೇವಿನ ಹಿಂಡಿ ಬೆರೆಸಿ ತುಂಬಿ.

ಗುಂಡಿಯನ್ನು ನೆಲದ ಮಟ್ಟಕ್ಕೆ ತುಂಬಿ ನಿಲ್ಲಿಸಬೇಡಿ. ಅದರ ಮೇಲೆ ಇನ್ನೊಂದು ಅಡಿ ಮಣ್ಣೇರಿಸಿ ದಿಬ್ಬ ಮಾಡಿ, ದಿಬ್ಬದ ನೆತ್ತಿಯಲ್ಲಿ ಸಸಿ ಕೂರಿಸಿ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ನಾಲ್ಕು ವರ್ಷದ ಹಿಂದೆ ನಮ್ಮ ಹಿತ್ತಲಲ್ಲಿ ಒಂದು ಗಿಡದಲ್ಲಿ ಹದಿನೆಂಟು ಕಾಯಿ ಇದ್ದವು. ಮಹಡಿಯ ಮಳೆನೀರಿನ ಪೈಪು ಅದರ ಪಕ್ಕದಲ್ಲೇ ಇಳಿಯುತ್ತಿತ್ತು. ಆಷಾಢದ ಮಳೆ ನಾಲ್ಕು ದಿನ ಬಿಡದೆ ಹಿಡಿಯಿತು. ಐದನೇ ದಿನ ಕೆಳಗಿನ ಎಲೆಗಳು ಹಳದಿಯಾಗಿ ಜೋತುಬಿದ್ದಿದ್ದವು. ಬುಡ ಒತ್ತಿ ನೋಡಿದೆ. ತೊಗಟೆ ಒದ್ದೆ ಸ್ಪಂಜಿನ ಹಾಗೆ ಒಳಗೆ ಹೋಯಿತು, ಬೆರಳಿಗೆ ಕೊಳೆತ ವಾಸನೆ. ಎರಡು ದಿನಕ್ಕೆ ಗಿಡ ಕಾಯಿ ಸಮೇತ ಮಗುಚಿತು. ಇದು ಬುಡ ಕೊಳೆ ರೋಗ. ಒದ್ದೆ ಮಣ್ಣಿನಲ್ಲಿರುವ ಶಿಲೀಂಧ್ರದಂಥ ಜೀವಿಗಳ ಕೆಲಸ. ಕಾಣಿಸುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ. ಮೊದಲೇ ದಿಬ್ಬ ಮಾಡಿದ್ದರೆ ಆ ಗಿಡ ಉಳಿಯುತ್ತಿತ್ತು.

ಪಾತ್ರೆ ತೊಳೆದ ನೀರಿನ ವಿಷಯವೂ ಅಷ್ಟೇ. ನೀರು ಬುಡದ ಪಕ್ಕ ಹರಿದು ಹೋದರೆ ಸರಿ, ಬುಡದಲ್ಲೇ ನಿಂತರೆ ಅಪಾಯ.

ಜೋರು ಮಳೆಯಲ್ಲಿ ಸಸಿ ನೆಡಬೇಡಿ. ಬಯಲುಸೀಮೆಯವರು ಜೂನ್ ಶುರುವಿನಲ್ಲಿ ಅಥವಾ ಜನವರಿ-ಫೆಬ್ರವರಿಯಲ್ಲಿ, ಮಲೆನಾಡು ಮತ್ತು ಕರಾವಳಿಯವರು ಮಳೆ ಹಿಂದೆ ಸರಿದ ಮೇಲೆ ನೆಟ್ಟರೆ ಸಸಿ ನೆಮ್ಮದಿಯಾಗಿ ಬೇರು ಬಿಡುತ್ತದೆ.

ಗಂಡೋ ಹೆಣ್ಣೋ? ಹೂವನ್ನೇ ಕೇಳಿ

ಕಪ್ಪು ಬೀಜ ಗಂಡು, ಕಂದು ಬೀಜ ಹೆಣ್ಣು. ಒಂಟಿ ತಾಯಿಬೇರು ಗಂಡು, ಕವಲು ಬೇರು ಹೆಣ್ಣು. ಇಂಥ ಮಾತು ಬೇಕಾದಷ್ಟಿವೆ, ಯಾವುದನ್ನೂ ನಂಬಬೇಡಿ. ಒಮ್ಮೆ ಒಂದು ನರ್ಸರಿಯಲ್ಲಿ "ಇದು ಗ್ಯಾರಂಟಿ ಹೆಣ್ಣು ಮೇಡಂ" ಅಂತ ಕೊಟ್ಟ ಸಸಿ ಆರು ತಿಂಗಳಿಗೆ ಉದ್ದುದ್ದ ಹೂಗೊಂಚಲು ಇಳಿಬಿಟ್ಟಿತು. ಪ್ರಯೋಗಾಲಯದಲ್ಲಿ ಡಿಎನ್‌ಎ ಪರೀಕ್ಷೆ ಮಾಡಿಸದೆ, ಸುಮ್ನೆ ಕಣ್ಣಿನಿಂದ ನೋಡಿ ಸಸಿಯ ಲಿಂಗ ಹೇಳಲು ಆಗುವುದಿಲ್ಲ.

ಯಾವ ತಳಿ ಅಂತ ಗೊತ್ತಿಲ್ಲದ ಬೀಜವಾದರೆ ಒಂದೇ ದಿಬ್ಬದಲ್ಲಿ ಒಂದಡಿ ಅಂತರ ಬಿಟ್ಟು ಮೂರು ಸಸಿ ನೆಡಿ. ಗಂಡು, ಹೆಣ್ಣು ಅರ್ಧರ್ಧ ಹುಟ್ಟುವ ಬೀಜವಾದರೂ ಮೂರಕ್ಕೆ ಮೂರೂ ಗಂಡಾಗುವ ಸಂಭವ ಎಂಟರಲ್ಲಿ ಒಂದು ಮಾತ್ರ. ನಾಲ್ಕರಿಂದ ಆರು ತಿಂಗಳಲ್ಲಿ ಹೂ ಬರುತ್ತದೆ. ಅಲ್ಲಿಯವರೆಗೆ ಮೂರನ್ನೂ ಸಾಕಿ.

ಗಂಡು ಹೂ ದೂರದಿಂದಲೇ ಗೊತ್ತಾಗುತ್ತದೆ. ಉದ್ದ ತೊಟ್ಟು ಕವಲೊಡೆದು ಜೋತಾಡುತ್ತದೆ, ಅದರ ತುಂಬ ಸಣ್ಣ ಕೊಳವೆಯಂಥ ಹೂಗಳು. ಹೆಣ್ಣು ಹೂ ಕಾಂಡಕ್ಕೆ ಅಂಟಿಕೊಂಡ ಹಾಗೆ ಎಲೆ ಕಂಕುಳಲ್ಲಿ ಇರುತ್ತದೆ. ದಪ್ಪ ಮೊಗ್ಗು, ಬುಡ ಉಬ್ಬಿರುತ್ತದೆ. ದ್ವಿಲಿಂಗಿ ಹೂವೂ ಕಾಂಡದ ಹತ್ತಿರವೇ ಬಿಡುವುದರಿಂದ ಗೊಂದಲವಾಗುವುದು ಇಲ್ಲೇ. ಒಂದು ಹೂ ಕಿತ್ತು ಅಂಗೈಯಲ್ಲಿಟ್ಟು, ಉಗುರಿನಿಂದ ಎಸಳು ಬಿಡಿಸಿ ನೋಡಿ. ಎಸಳುಗಳು ಬುಡದವರೆಗೂ ಬಿಡಿಬಿಡಿಯಾಗಿ ಬಂದು, ನಡುವೆ ಗುಂಡನೆಯ ಪುಟ್ಟ ಕಾಯಿ ಮಾತ್ರ ಕಂಡರೆ ಹೆಣ್ಣು. ಎಸಳುಗಳು ಕೆಳಗೆ ಒಂದಕ್ಕೊಂದು ಅಂಟಿಕೊಂಡಿದ್ದು, ಕಾಯಿ ಉದ್ದಕ್ಕಿದ್ದು, ಅದರ ಸುತ್ತ ಹಳದಿ ಪುಡಿ ಮೆತ್ತಿದ ಕೇಸರಗಳಿದ್ದರೆ ದ್ವಿಲಿಂಗಿ.

ದ್ವಿಲಿಂಗಿ ಸಿಕ್ಕಿದರೆ ಅದನ್ನೇ ಉಳಿಸಿ. ಅದಕ್ಕೆ ಬೇರೆ ಗಿಡದ ಪರಾಗ ಬೇಡ. ಕಾಯಿ ಉದ್ದ, ತಿರುಳು ದಪ್ಪ, ಒಳಗಿನ ಪೊಳ್ಳು ಕಡಿಮೆ. ಬರೀ ಹೆಣ್ಣು ಸಿಕ್ಕಿದರೂ ಚಿಂತೆಯಿಲ್ಲ, ಆದರೆ ಆಸುಪಾಸಿನಲ್ಲಿ ಗಂಡು ಅಥವಾ ದ್ವಿಲಿಂಗಿ ಗಿಡ ಇರಬೇಕು. ಇಲ್ಲದಿದ್ದರೆ ಹೀಚು ಉದುರುತ್ತದೆ. ಉಳಿದ ಎರಡು ಗಿಡಗಳನ್ನು ಎಳೆದು ಕೀಳಬೇಡಿ, ನೆಲಮಟ್ಟಕ್ಕೆ ಕತ್ತರಿಸಿ. ಎಳೆದರೆ ಉಳಿಸಿಕೊಂಡ ಗಿಡದ ಬೇರಿಗೂ ಪೆಟ್ಟಾಗುತ್ತದೆ.

ಗಂಡು ಗಿಡಕ್ಕೆ ಮೊಳೆ ಹೊಡೆದರೆ ಕಾಯಿ ಬಿಡುತ್ತದೆ ಅನ್ನುತ್ತಾರೆ. ಕೆಲವು ಗಂಡು ಗಿಡಗಳು ಹವಾಮಾನ ಬದಲಾದಾಗ ತಾವಾಗಿಯೇ ಒಂದೆರಡು ಕಾಯಿ ಉದ್ದ ತೊಟ್ಟಿನ ತುದಿಗೆ ಬಿಡುವುದುಂಟು. ಹೆಸರು ಮಾತ್ರ ಮೊಳೆಗೆ ಬರುತ್ತದೆ. ಗಿಡಕ್ಕೆ ಗಾಯ ಮಾಡಬೇಡಿ. ಗಾಯದಿಂದಲೇ ಕೊಳೆ ಒಳಗೆ ಹೋಗುವುದು.

ಕಡು ಬೇಸಿಗೆಯಲ್ಲಿ ದ್ವಿಲಿಂಗಿ ಗಿಡ ಹೂ ಬಿಟ್ಟೂ ಕಾಯಿ ಕಟ್ಟದೆ ಇರಬಹುದು. ಅದು ಬಿಸಿಲಿನ ಪರಿಣಾಮ. ಮಳೆ ಬಂದು ತಂಪಾದ ಮೇಲೆ ಮತ್ತೆ ಕಚ್ಚುತ್ತದೆ.

ಗೊಬ್ಬರ, ನೀರು, ರೋಗ

ಪಪ್ಪಾಯಿ ಹೂವು, ಕಾಯಿ, ಎಲೆ ಎಲ್ಲವನ್ನೂ ಒಟ್ಟಿಗೆ ಸಾಕುವ ಗಿಡ. ಎರಡು ತಿಂಗಳಿಗೊಮ್ಮೆ ಒಂದು ಬುಟ್ಟಿ ಕಾಂಪೋಸ್ಟ್, ಒಂದು ಹಿಡಿ ಬೇವಿನ ಹಿಂಡಿ, ಒಂದೆರಡು ಹಿಡಿ ಸೌದೆ ಬೂದಿ ಕೊಡಿ. ಬೇರು ಮೇಲೆಯೇ ಹರಡಿರುವುದರಿಂದ ಬುಡದ ಹತ್ತಿರ ಗುದ್ದಲಿ ಹಾಕಬೇಡಿ. ಗೊಬ್ಬರವನ್ನು ಮೇಲೆ ಹರಡಿ ತರಗೆಲೆ ಮುಚ್ಚಿ. ಕಾಯಿ ಗಂಟುಗಂಟಾಗಿ, ಮೈಮೇಲೆ ಅಲ್ಲಲ್ಲಿ ಹಾಲು ಒಸರಿದರೆ ಬೋರಾನ್ ಕೊರತೆ. ಒಂದು ಲೀಟರ್ ನೀರಿಗೆ ಒಂದು ಗ್ರಾಂ ಬೋರಿಕ್ ಆಸಿಡ್ ಬೆರೆಸಿ ಎಲೆಗೆ ಸಿಂಪಡಿಸಿ.

ಎಲೆ ಹಳದಿ-ಹಸಿರು ಮಚ್ಚೆಯಾಗಿ, ಹೊಸ ಎಲೆ ದಾರದ ಹಾಗೆ ಸೊರಗಿ, ಕಾಯಿ ಮೇಲೆ ಉಂಗುರ ಕಾಣಿಸಿದರೆ ಅದು ಉಂಗುರ ಚುಕ್ಕೆ ನಂಜುರೋಗ. ಗಿಡಹೇನು ಹರಡುವ ಇದಕ್ಕೆ ಔಷಧಿ ಇಲ್ಲ. ಮನಸ್ಸು ಗಟ್ಟಿ ಮಾಡಿ ಗಿಡ ತೆಗೆದುಬಿಡಿ, ಪಕ್ಕದವರ ಗಿಡವಾದರೂ ಉಳಿಯಲಿ. ಸೌತೆ, ಕುಂಬಳದ ಬಳ್ಳಿಗೂ ಈ ನಂಜು ತಗಲುವುದರಿಂದ ಅವನ್ನು ಪಪ್ಪಾಯಿ ಹತ್ತಿರ ಹಬ್ಬಿಸಬೇಡಿ.

ಬಿಳಿ ಹಿಟ್ಟು ತಿಗಣೆ ಕಂಡರೆ ಹೆದರಿ ವಿಷ ಹೊಡೆಯುವ ಅಗತ್ಯವಿಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಈ ಹೊರದೇಶದ ಕೀಟ ಕಾಣಿಸಿಕೊಂಡು ತೋಟಗಳನ್ನೇ ಹಾಳು ಮಾಡಿತ್ತು. 2010ರಲ್ಲಿ ಪೋರ್ಟೊರಿಕೊದಿಂದ ಪುಟ್ಟ ಪರಾವಲಂಬಿ ಕಣಜಗಳನ್ನು ತರಿಸಿ ಬಿಟ್ಟ ಮೇಲೆ ಹತೋಟಿಗೆ ಬಂತು. ವಿಷ ಹೊಡೆದರೆ ಮೊದಲು ಸಾಯುವುದು ಆ ಕಣಜಗಳು. ಜೋರಾಗಿ ನೀರು ಚಿಮ್ಮಿಸಿ, ತೆಳು ಸೋಪಿನ ನೀರಲ್ಲಿ ಒರೆಸಿದರೆ ಮನೆ ಗಿಡಕ್ಕೆ ಸಾಕು.

ಯಾವಾಗ ಕೊಯ್ಯಬೇಕು?

ಕಾಯಿಯ ತುದಿಯಲ್ಲಿ ಒಂದು ಹಳದಿ ಗೆರೆ ಮೂಡಿದ ದಿನ. ಉಗುರಲ್ಲಿ ಗೀರಿದರೆ ಹಾಲು ಗಟ್ಟಿಯಾಗಿರದೆ ನೀರಾಗಿರುತ್ತದೆ. ಇನ್ನೂ ಕಾದರೆ ಅಳಿಲು, ಕೋಗಿಲೆಗಳ ಪಾಲು. ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ ಬಿಡಿಸಿ, ಹಾಲು ಮೈಗೆ ತಾಗಿದರೆ ತುರಿಸುತ್ತದೆ. ತೊಟ್ಟು ಕೆಳಗೆ ಮಾಡಿಟ್ಟು ಹಾಲು ಇಳಿದ ಮೇಲೆ ಪೇಪರಿನಲ್ಲಿ ಸುತ್ತಿಡಿ. ಮೂರರಿಂದ ಐದು ದಿನಕ್ಕೆ ಹಣ್ಣಾಗುತ್ತದೆ. ಹಣ್ಣಾಗುವ ಮುಂಚೆ ಫ್ರಿಜ್ಜಿಗೆ ಹಾಕಬೇಡಿ, ರುಚಿ ಕೆಡುತ್ತದೆ.

ಎರಡು ಮೂರು ವರ್ಷಕ್ಕೆ ಗಿಡ ಕೈಗೆಟುಕದಷ್ಟು ಎತ್ತರವಾಗಿ ಕಾಯಿ ಸಣ್ಣದಾಗುತ್ತದೆ. ಅದಕ್ಕೆ ಮೊದಲ ವರ್ಷವೇ ದ್ವಿಲಿಂಗಿ ಗಿಡದ ಒಂದು ಮೊಗ್ಗಿಗೆ, ಅರಳುವ ಮುಂಚೆ, ಬಟರ್ ಪೇಪರಿನ ಪುಟ್ಟ ಚೀಲ ಕಟ್ಟಿ. ಹೀಚು ಕಚ್ಚಿದ ಮೇಲೆ ಚೀಲ ಬಿಚ್ಚಿ, ಆ ತೊಟ್ಟಿಗೆ ಒಂದು ಕೆಂಪು ದಾರ ಸುತ್ತಿ. ಹೊರಗಿನ ಪರಾಗ ಬೆರೆಯದ ಆ ಕಾಯಿಯ ಬೀಜದಲ್ಲಿ ಗಂಡು ಗಿಡ ಹುಟ್ಟುವುದಿಲ್ಲ. ನಮ್ಮ ಹಿತ್ತಲಲ್ಲಿ ಈಗ ಕೆಂಪು ದಾರದ ಕಾಯಿ ಒಂದಿದೆ. ಅಮ್ಮ ದಿನಾ ಬೆಳಿಗ್ಗೆ ಅದರ ತುದಿ ನೋಡಿ ಬರುತ್ತಾರೆ, ಹಳದಿ ಗೆರೆ ಬಂತಾ ಅಂತ.