ಬೇಕಾದ ಐಟಂ ಬೀಳುವ ಕಡೆಯೇ ಹುಡುಕುವುದು ಹೇಗೆ?

ಆ್ಯಕ್ಷನ್ ಆರ್‌ಪಿಜಿ (ಪಾತ್ರವೊಂದನ್ನು ಬೆಳೆಸುತ್ತ ಶತ್ರುಗಳನ್ನು ಕೊಲ್ಲುವ) ಗೇಮ್‌ಗಳಲ್ಲಿ ಒಂದೇ ಬಾಸ್‌ನನ್ನು, ಅಂದರೆ ದೊಡ್ಡ ಶತ್ರುವನ್ನು, ವಾರಗಟ್ಟಲೆ ಕೊಂದು, ಬಯಸಿದ ಉಂಗುರ ಬೀಳಲಿಲ್ಲವೆಂದು ಬೇಸತ್ತು ಕೈಬಿಟ್ಟವರನ್ನು ಬಹಳ ನೋಡಿದ್ದೇನೆ. ಅವರಲ್ಲಿ ಅನೇಕರು ಹುಡುಕುತ್ತಿದ್ದುದು ಆ ಉಂಗುರ ಬೀಳಲು ಸಾಧ್ಯವೇ ಇಲ್ಲದ ಜಾಗದಲ್ಲಿ. ಡ್ರಾಪ್, ಅಂದರೆ ಸತ್ತ ಶತ್ರುವಿನಿಂದ ವಸ್ತು ಬೀಳುವುದು, ಅದೃಷ್ಟದ ಆಟವೇ ಹೌದು, ಆದರೆ ಆ ಅದೃಷ್ಟಕ್ಕೊಂದು ಕ್ರಮವಿದೆ. ಉದಾಹರಣೆಗೆ ಡಯಾಬ್ಲೊ 2 ತೆಗೆದುಕೊಳ್ಳುತ್ತೇನೆ. 2000ದಲ್ಲಿ ಬಂದ ಆ ಗೇಮ್‌ನ ಲೆಕ್ಕಾಚಾರವನ್ನು ಆಟಗಾರರು ಬಿಡಿಬಿಡಿಯಾಗಿ ಬಿಚ್ಚಿಟ್ಟಿದ್ದಾರೆ. ಬೇರೆ ಗೇಮ್‌ಗಳಲ್ಲಿ ಅಂಕಿಗಳು ಬದಲಾದರೂ ಯೋಚಿಸುವ ರೀತಿ ಹೆಚ್ಚುಕಡಿಮೆ ಇದೇ.

ಹಂತ 1: ಬೇಕಾದ ಒಂದು ಐಟಂ ಹೆಸರು ಬರೆದಿಟ್ಟುಕೊಳ್ಳಿ. ‘ಏನಾದರೂ ಒಳ್ಳೆಯದು’ ಎಂಬುದು ಗುರಿಯಲ್ಲ.

ಹಂತ 2: ಕ್ರಮ ತಿಳಿದುಕೊಳ್ಳಿ. ಶತ್ರು ಸತ್ತ ಕೂಡಲೇ ಗೇಮ್ ಒಂದರ ಕೆಳಗೊಂದು ಜೋಡಿಸಿದ ಜರಡಿಗಳಂತೆ ಕೆಲಸ ಮಾಡುತ್ತದೆ. ಮೊದಲನೆಯದು, ಏನಾದರೂ ಬೀಳಬೇಕೇ ಬೇಡವೇ ಎಂಬುದು. ಆ ಶತ್ರುವಿನಿಂದ ಬೀಳಬಹುದಾದವುಗಳ ಪಟ್ಟಿಯಲ್ಲಿ ‘ಏನೂ ಬೀಳದು’ ಎನ್ನುವುದಕ್ಕೂ ಒಂದು ಪಾಲಿರುತ್ತದೆ. ಗೇಮ್‌ನಲ್ಲಿ ಆಟಗಾರರ ಸಂಖ್ಯೆ ಹೆಚ್ಚಿದಷ್ಟೂ ಈ ಖಾಲಿ ಪಾಲು ಕುಗ್ಗುತ್ತದೆ, ಜೊತೆಗೆ ಶತ್ರುಗಳ ಜೀವಬಲ ಏರುತ್ತದೆ. ಎರಡನೆಯದು, ಯಾವ ಬಗೆಯ ವಸ್ತು: ಉಂಗುರವೋ, ಕತ್ತಿಯೋ, ಬರೀ ಚಿನ್ನವೋ. ಗುಣಮಟ್ಟದ ಸರದಿ ಬರುವುದು ಇವೆರಡೂ ಮುಗಿದ ಮೇಲೆ: ಯೂನಿಕ್ (ತನ್ನದೇ ಹೆಸರಿರುವ ವಿಶೇಷ ವಸ್ತು) ಆಗುತ್ತದೆಯೇ? ಇಲ್ಲದಿದ್ದರೆ ಸೆಟ್ (ಒಂದು ಜೋಡಣೆಯ ಭಾಗ)? ಇಲ್ಲದಿದ್ದರೆ ರೇರ್? ಅದೂ ಇಲ್ಲದಿದ್ದರೆ ಮ್ಯಾಜಿಕ್? ಹೀಗೆ ಮೇಲಿನಿಂದ ಕೆಳಕ್ಕೆ.

ಹಂತ 3: ಲೆವೆಲ್ ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. ಬಿದ್ದ ವಸ್ತುವಿಗೆ ಅದನ್ನು ಬೀಳಿಸಿದ ಶತ್ರುವಿನ ಲೆವೆಲ್ ಬರುತ್ತದೆ. ಪ್ರತಿ ಯೂನಿಕ್‌ಗೂ ತನ್ನದೇ ಲೆವೆಲ್ ಇದ್ದು, ವಸ್ತುವಿನ ಲೆವೆಲ್ ಅದಕ್ಕಿಂತ ಕಡಿಮೆಯಿದ್ದರೆ ಆ ಯೂನಿಕ್ ಎಷ್ಟು ಸಾವಿರ ಸಲ ಆಡಿದರೂ ಬರುವುದಿಲ್ಲ.

ಹಾಗಾದರೆ ಅತಿ ಬಲಿಷ್ಠ ಬಾಸ್‌ನನ್ನೇ ಹಿಡಿಯಬೇಕೆಂದಲ್ಲ. ‘ಸ್ಟೋನ್ ಆಫ್ ಜೋರ್ಡನ್’ ಉಂಗುರದ ಲೆವೆಲ್ 39. ನೈಟ್‌ಮೇರ್ ಎಂಬ ನಡುವಿನ ಕಷ್ಟದ ಮಟ್ಟದಲ್ಲಿ ಆಂಡಾರಿಯಲ್ ಎಂಬ ಬಾಸ್‌ನ ಲೆವೆಲ್ 49. ಅಲ್ಲಿ ಯೂನಿಕ್ ಉಂಗುರ ಬಿದ್ದರೆ ಸ್ಪರ್ಧೆಯಲ್ಲಿ ಇರುವವು ಮೂರೇ: ನಾಗೆಲ್‌ರಿಂಗ್‌ಗೆ 15 ಪಾಲು, ಮನಾಲ್ಡ್ ಹೀಲ್‌ಗೆ 15, ಜೋರ್ಡನ್‌ಗೆ 1. ಅಂದರೆ 31ರಲ್ಲಿ ಒಂದು. ಅತಿ ಕಷ್ಟದ ಹೆಲ್ ಮಟ್ಟದಲ್ಲಿ ಆಂಡಾರಿಯಲ್ ಲೆವೆಲ್ 75 ಇರುವುದರಿಂದ ಇನ್ನಷ್ಟು ಉಂಗುರಗಳು ಆ ಪಟ್ಟಿಗೆ ಸೇರಿಕೊಂಡು ಜೋರ್ಡನ್ ಪಾಲು ಕುಗ್ಗುತ್ತದೆ. ಕಷ್ಟದ ಶತ್ರು ಕೊಡುವುದೆಲ್ಲ ಉತ್ತಮ ಎಂದು ನಂಬಿಕೊಂಡವರು ಈ ಒಂದು ಲೆಕ್ಕವನ್ನು ನೋಡಲೇಬೇಕು. ನಿಮ್ಮ ಗುರಿಗೆ ಬೇಕಾದ ಲೆವೆಲ್‌ಗಿಂತ ಸ್ವಲ್ಪವೇ ಮೇಲಿರುವ, ಬೇಗ ಸಾಯುವ ಶತ್ರುವನ್ನು ಮೊದಲು ಹುಡುಕಿ.

ಹಂತ 4: ಮ್ಯಾಜಿಕ್ ಫೈಂಡ್ ಅನ್ನು, ಅಂದರೆ ತೊಟ್ಟ ವಸ್ತುಗಳಿಂದ ಶೇಕಡಾ ಲೆಕ್ಕದಲ್ಲಿ ಸಿಗುವ, ಉತ್ತಮ ಗುಣಮಟ್ಟದ ಸಾಧ್ಯತೆ ಹೆಚ್ಚಿಸುವ ಗುಣವನ್ನು, ಅಳತೆಯಲ್ಲಿಡಿ. ಇದರ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಮ್ಯಾಜಿಕ್ ಫೈಂಡ್ ಹೆಚ್ಚು ವಸ್ತುಗಳನ್ನು ಬೀಳಿಸುವುದಿಲ್ಲ. ರೂನ್ (ಆಯುಧ, ಕವಚಗಳಲ್ಲಿ ಕೂರಿಸುವ ಕಲ್ಲು) ಬೀಳುವ ಸಾಧ್ಯತೆಯನ್ನೂ ಅದು ಮುಟ್ಟುವುದಿಲ್ಲ. ರೂನ್ ಬೇಟೆಗೆ ಮ್ಯಾಜಿಕ್ ಫೈಂಡ್ ತೊಟ್ಟು ಹೋಗುವವರು ಆಯುಧದ ಬಲವನ್ನು ಸುಮ್ಮನೆ ಕಳೆದುಕೊಳ್ಳುತ್ತಾರೆ. ಅದು ಸಹಾಯ ಮಾಡುವುದು ಬಿದ್ದ ವಸ್ತುವಿನ ಗುಣಮಟ್ಟ ನಿರ್ಧಾರವಾಗುವಾಗ ಮಾತ್ರ.

ಅಲ್ಲಿಯೂ ಪರದೆಯ ಮೇಲಿನ ಅಂಕಿ ಪೂರ್ತಿ ಲೆಕ್ಕಕ್ಕೆ ಬರುವುದಿಲ್ಲ. ಯೂನಿಕ್‌ಗಾದರೆ ನಿಮ್ಮ ಮ್ಯಾಜಿಕ್ ಫೈಂಡ್ ಅನ್ನು 250ರಿಂದ ಗುಣಿಸಿ, ಅದೇ ಮ್ಯಾಜಿಕ್ ಫೈಂಡ್‌ಗೆ 250 ಕೂಡಿಸಿದ ಮೊತ್ತದಿಂದ ಭಾಗಿಸಬೇಕು. 100 ಇದ್ದವರಿಗೆ ನಿಜವಾಗಿ ಸಿಗುವುದು ಸುಮಾರು ಶೇಕಡಾ 71ರ ಹೆಚ್ಚಳ, ಅಂದರೆ ಮೂಲ ಸಾಧ್ಯತೆಯ 1.71 ಪಟ್ಟು. 300 ಇದ್ದವರಿಗೆ 136. 500ಕ್ಕೆ ಏರಿಸಿದರೂ 167 ದಾಟುವುದಿಲ್ಲ. ಸೆಟ್‌ಗೆ 250ರ ಜಾಗದಲ್ಲಿ 500, ರೇರ್‌ಗೆ 600 ಇಟ್ಟು ಲೆಕ್ಕ ಹಾಕಿ.

ಈಗ ಸಮಯ ಸೇರಿಸಿ ನೋಡಿ. 300 ಮ್ಯಾಜಿಕ್ ಫೈಂಡ್ ಇಟ್ಟುಕೊಂಡು ಬಾಸ್ ಮುಗಿಸಲು ನಾಲ್ಕು ನಿಮಿಷ ಬೇಕಾದರೆ ಗಂಟೆಗೆ 15 ರನ್ (ಬಾಸ್‌ನನ್ನು ಒಮ್ಮೆ ಕೊಂದರೆ ಒಂದು ರನ್). ಪ್ರತಿ ರನ್‌ಗೆ ಮೂಲ ಸಾಧ್ಯತೆಯ 2.36 ಪಟ್ಟು, ಒಟ್ಟು 35. ಬಲವಾದ ಆಯುಧ ತೊಟ್ಟು 100ಕ್ಕೆ ಇಳಿಸಿದಾಗ ಎರಡೂವರೆ ನಿಮಿಷ ಸಾಕಾದರೆ 24 ರನ್. ಪ್ರತಿಯೊಂದಕ್ಕೆ 1.71 ಪಟ್ಟು, ಒಟ್ಟು 41. ವೇಗವೇ ಗೆದ್ದಿತು. ಹಾಗಾಗಿ ಮೊದಲು ಹೊಡೆತ, ಆಮೇಲೆ ಮ್ಯಾಜಿಕ್ ಫೈಂಡ್. ಬಾಸ್ ಕೊಲ್ಲುವ ವೇಗ ಕುಗ್ಗದಷ್ಟು ಮಾತ್ರ ಸೇರಿಸಿಕೊಳ್ಳಿ. ಗಡಿಯಾರ ಇಟ್ಟುಕೊಂಡು ಎರಡೂ ವೇಷದಲ್ಲಿ ಹತ್ತತ್ತು ರನ್ ಆಡಿ ಅಳೆಯದೆ ತೀರ್ಮಾನಕ್ಕೆ ಬರಬೇಡಿ.

ಡ್ರಾಪ್ ಹೆಚ್ಚಿಸುತ್ತೇವೆ ಎಂದು ಹಣ ಕೇಳುವ ಟೂಲ್‌ಗಳನ್ನು ಇನ್‌ಸ್ಟಾಲ್ ಮಾಡಲೇಬೇಡಿ. ಆನ್‌ಲೈನ್ ಆಟದಲ್ಲಿ ಏನು ಬೀಳಬೇಕೆಂದು ತೀರ್ಮಾನಿಸುವುದು ಸರ್ವರ್, ನಿಮ್ಮ ಕಂಪ್ಯೂಟರ್ ಅಲ್ಲ. ಅಂಥ ಟೂಲ್‌ನಿಂದ ಆಗಬಹುದಾದದ್ದು ಪಾಸ್‌ವರ್ಡ್ ಕಳವು ಅಥವಾ ಅಕೌಂಟ್ ಬ್ಯಾನ್. ಇಂಥ ಹೊತ್ತಿನಲ್ಲಿ ಆಡಿದರೆ ಒಳ್ಳೆಯದು ಬೀಳುತ್ತದೆ, ಇಷ್ಟು ಸಲ ಲಾಗ್ ಔಟ್ ಆಗಬೇಕು ಎಂಬ ಸಲಹೆಗಳಿಗೂ ಆಧಾರವಿಲ್ಲ.

ಹಂತ 5: ಎಷ್ಟು ರನ್ ಬೇಕೆಂದು ಮೊದಲೇ ಅಂದಾಜಿಸಿ. ನೂರಕ್ಕೆ ಒಂದು ಸಾಧ್ಯತೆಯಿರುವ ಐಟಂ ನೂರು ಸಲ ಆಡಿದರೆ ಬಂದೇ ಬರುತ್ತದೆ ಎಂದುಕೊಳ್ಳುವುದು ಬಹುದೊಡ್ಡ ತಪ್ಪು. ನೂರು ರನ್ ಆದ ಮೇಲೂ ನೂರರಲ್ಲಿ ಸುಮಾರು 37 ಜನ ಬರಿಗೈಯಲ್ಲೇ ಇರುತ್ತಾರೆ. ಅರ್ಧದಷ್ಟು ಮಂದಿಗೆ 69 ರನ್ ಸಾಕಾಗುತ್ತದೆ, ನೂರಕ್ಕೆ 90ರಷ್ಟು ಜನರಿಗೆ ಸಿಗಬೇಕಾದರೆ 230 ಬೇಕು. 299 ರನ್ ಮುಗಿಸಿಯೂ ಸಿಗದವರು ನೂರಕ್ಕೆ ಐದು ಮಂದಿ, ಅವರ ಗೇಮ್ ಕೆಟ್ಟಿಲ್ಲ. ಹಿಂದಿನ ರನ್‌ಗಳ ನೆನಪು ಹೆಚ್ಚಿನ ಡ್ರಾಪ್ ಪಟ್ಟಿಗಳಿಗೆ ಇರುವುದಿಲ್ಲ, ‘ಇಷ್ಟು ಆಡಿದ್ದೇನೆ, ಇನ್ನೇನು ಬೀಳಬೇಕು’ ಎಂಬ ಸರದಿಯೂ ಇಲ್ಲ. ಕೆಲವು ಗೇಮ್‌ಗಳು ಮಾತ್ರ ಬಹಳ ಹೊತ್ತು ಏನೂ ಸಿಗದವರಿಗೆ ಸಾಧ್ಯತೆ ಏರಿಸುತ್ತ ಹೋಗುತ್ತವೆ. ನಿಮ್ಮ ಗೇಮ್‌ನಲ್ಲಿ ಅಂಥ ವ್ಯವಸ್ಥೆಯಿದೆಯೇ ಎಂದು ನೋಡಿಕೊಂಡೇ ನಂಬಿ.

ಹಂತ 6: ನಿಮ್ಮ ಗೇಮ್‌ನಲ್ಲಿ ಫಿಲ್ಟರ್ ಇದ್ದರೆ ಹಾಕಿ, ನೆಲಕ್ಕೆ ಬಿದ್ದ ಬೇಡದ ವಸ್ತುಗಳ ಹೆಸರನ್ನು ಮರೆಮಾಡಿ. ನೆಲದ ತುಂಬ ಹೆಸರುಗಳಿದ್ದರೆ ಬೇಕಾದ್ದೇ ಕಣ್ತಪ್ಪುತ್ತದೆ.

ಬಿದ್ದ ಮೇಲೂ ಒಂದು ಜರಡಿ ಉಳಿದಿರುತ್ತದೆ. ಒಂದೇ ಹೆಸರಿನ ಎರಡು ಯೂನಿಕ್‌ಗಳ ಅಂಕಿಗಳು ಒಂದೇ ಆಗಿರಬೇಕಿಲ್ಲ, ಬಹಳಷ್ಟು ಗುಣಗಳು ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂದಿರುತ್ತವೆ. ಇದೇ ಬಗೆಯ ಇನ್ನೊಂದು ಗೇಮ್ ಪಾತ್ ಆಫ್ ಎಕ್ಸೈಲ್‌ನಲ್ಲಿ ಡಿವೈನ್ ಆರ್ಬ್ ಎಂಬ ವಸ್ತು ಬಳಸಿ ಆ ಅಂಕಿಗಳನ್ನು ಮತ್ತೆ ಹೊರಳಿಸಬಹುದು, ಡಯಾಬ್ಲೊ 2ರಲ್ಲಿ ಆ ಸೌಲಭ್ಯವಿಲ್ಲ. ಆದ್ದರಿಂದ ಮೊದಲು ಸಿಕ್ಕಿದ್ದು ಕಡಿಮೆ ಅಂಕಿಯದ್ದಾದರೂ ಮಾರಬೇಡಿ, ಅದನ್ನೇ ತೊಟ್ಟು ಮುಂದಿನದಕ್ಕೆ ಆಡಿ.