ಪಾಮಿರ್ ಹೆದ್ದಾರಿಯಲ್ಲಿ ಮುರಿದ ಹಿಂಚಕ್ರದ ಸ್ಪೋಕ್: ಸರಿಪಡಿಸಿದ ಬಗೆ

ತಜಿಕಿಸ್ತಾನದ ಎಂ41 ರಸ್ತೆಯಲ್ಲಿ, 4,655 ಮೀಟರ್ ಎತ್ತರದ ಅಕ್-ಬೈತಾಲ್ ಘಟ್ಟದ ಆಚೀಚೆ, ತಗಡಿನ ಹಾಳೆಯಂತೆ ಅಲೆಅಲೆಯಾದ ಮಣ್ಣುದಾರಿ. ಅಲ್ಲಿ ಮುರಿದದ್ದು ನನ್ನ ಸೈಕಲ್ಲಿನ ಹಿಂಚಕ್ರದ ಬಲಬದಿ, ಅಂದರೆ ಚೈನ್ ಬದಿಯ ಸ್ಪೋಕ್, ಹಬ್ (ಚಕ್ರದ ನಡುಗುಂಬ) ಹತ್ತಿರದ ಬಾಗಿನಲ್ಲಿ. ಭಾರವೊಂದೇ ಕಾರಣವಲ್ಲ. ಬಿಗಿತ ಏರುಪೇರಾಗಿದ್ದರೆ ಸುತ್ತುಸುತ್ತಿಗೂ ಸ್ಪೋಕ್ ಸಡಿಲಾಗಿ ಬಿಗಿಯಾಗಿ, ಲೋಹ ದಣಿದು ತುಂಡಾಗುತ್ತದೆ.

ಮೊದಲು ತಾತ್ಕಾಲಿಕ ಉಪಾಯ: ಬಲ ಸ್ಪೋಕ್ ಹೋದರೆ ರಿಮ್ (ಚಕ್ರದ ಹೊರಬಳೆ) ಎಡಕ್ಕೆ ವಾಲುತ್ತದೆ. ಅಕ್ಕಪಕ್ಕದ ಎರಡು ಎಡ ಸ್ಪೋಕ್‌ಗಳನ್ನು ಅರ್ಧ ಸುತ್ತು ಸಡಿಲಿಸಿದೆ. ತುಂಡನ್ನು ಪಕ್ಕದ ಸ್ಪೋಕ್‌ಗೆ ಟೇಪಿನಿಂದ ಕಟ್ಟಿದೆ.

ಹೊಸದನ್ನು ಹಾಕಲು ಕ್ಯಾಸೆಟ್, ಅಂದರೆ ಹಿಂಚಕ್ರದ ಹಲ್ಲುಚಕ್ರಗಳ ಗುಂಪು, ಅಡ್ಡ. ಅದನ್ನು ಬಿಚ್ಚುವಾಗ ಹಲ್ಲುಚಕ್ರ ತಿರುಗದಂತೆ ಹಿಡಿಯುವ ಚೈನ್ ವಿಪ್ ಎಂಬ ಉಪಕರಣ ಹೊತ್ತೊಯ್ಯಬೇಕಿಲ್ಲ. ಕ್ಯಾಸೆಟ್ಟನ್ನು ಹಿಡಿದಿಡುವ ತಿರುಪುಬಳೆಯೇ ಲಾಕ್‌ರಿಂಗ್; ಫ್ರೇಮಿಗೆ ಆತು ನಿಲ್ಲುವ ಅದರ ಪುಟ್ಟ ಕೀ ಸಾಕು. ಕೀಯನ್ನು ಕೂರಿಸಿ, ಚಕ್ರ ಜೋಡಿಸಿ, ಪೆಡಲನ್ನು ಕೈಯಿಂದ ನಿಧಾನ ಮುಂದಕ್ಕೆ ತಿರುಗಿಸಿದರೆ ಲಾಕ್‌ರಿಂಗ್ ಬಿಡುತ್ತದೆ; ಬಳಿಕ ಚಕ್ರ ಬಿಚ್ಚಿ ಕ್ಯಾಸೆಟ್ ತೆಗೆಯಬಹುದು. ಜೋರು ಮಾಡಿದರೆ ಫ್ರೇಮಿಗೆ ಪೆಟ್ಟು, ಇದೊಂದು ಎಚ್ಚರ ಇರಲೇಬೇಕು.

ಹೊಸ ಸ್ಪೋಕನ್ನು ಹಬ್ ತೂತಿನಲ್ಲಿ ತೂರಿಸಿ, ಅದೇ ಸಾಲಿನ ಇನ್ನೊಂದು ಸ್ಪೋಕ್ ಹೆಣೆದಿರುವ ರೀತಿಯಲ್ಲೇ ಹೆಣೆಯಬೇಕು. ರಿಮ್‌ನಲ್ಲಿ ಸ್ಪೋಕ್ ಬಿಗಿಸುವ ಪುಟ್ಟ ನಟ್, ಅಂದರೆ ಹಳೆಯ ನಿಪ್ಪಲ್, ಚೆನ್ನಾಗಿದ್ದರೆ ಟೈರ್ ಬಿಚ್ಚುವ ಕೆಲಸವೇ ಇಲ್ಲ. ಬೆರಳಿನಿಂದ ಮೀಟಿ ನೋಡಿ: ಬಲಬದಿಯ ಉಳಿದ ಸ್ಪೋಕ್‌ಗಳ ಸ್ವರವೇ ಬರುವವರೆಗೆ ಬಿಗಿಸಿ. ಸಡಿಲಿಸಿದ ಎಡದ ಎರಡನ್ನು ಮರಳಿ ಅರ್ಧ ಸುತ್ತು ಬಿಗಿಸಿ, ಬಳಿಕ ಕಾಲು ಸುತ್ತಿನಂತೆ ರಿಮ್ ನೇರ ಮಾಡಿ. ಲಾಕ್‌ರಿಂಗನ್ನು ಮುಂದಿನ ಊರಿನಲ್ಲಿ 40 ನ್ಯೂಟನ್-ಮೀಟರ್‌ಗೆ ಬಿಗಿಸಿದರಾಯಿತು.

ಎಡಬಲದ ಸ್ಪೋಕ್ ಉದ್ದ ಸಾಮಾನ್ಯವಾಗಿ ಬೇರೆ. ಎರಡೂ ಅಳತೆಯ ನಾಲ್ಕು ನಾಲ್ಕನ್ನು ಚೈನ್‌ಸ್ಟೇಗೆ (ಪೆಡಲ್ ಬಳಿಯಿಂದ ಹಿಂಚಕ್ರದ ತನಕ ಹೋಗುವ ಫ್ರೇಮಿನ ಕೊಳವೆಗೆ) ಟೇಪ್ ಸುತ್ತಿ ಒಯ್ಯಿರಿ.