ಅಕ್ಕಿ ಹಿಟ್ಟಿಗೆ ಬೂಷ್ಟು ಬಂದ ಮಳೆಗಾಲ

ಸಿದ್ದಾಪುರ ತಾಲೂಕಿನ ಕತ್ತಲೆಕಾನಿಗೆ ಮೊದಲ ಸಲ ಹೋದಾಗ ನನ್ನ ಚೀಲದಲ್ಲಿದ್ದದ್ದು ಆಕ್ರಿಲಿಕ್ ಟ್ಯೂಬುಗಳು. ಅಲ್ಲಿನ ರಾಮಪತ್ರೆ ಜಡ್ಡಿಯ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡಿನ, ಕೆಸರಿನಲ್ಲಿ ಗಾಳಿ ಸಾಲದೆ, ಬೇರುಗಳು ಉಸಿರಿಗಾಗಿ ಮೇಲೆದ್ದು, ಮಂಡಿ ಮಡಚಿ, ಮತ್ತೆ ಕೆಸರಿಗಿಳಿಯುತ್ತವೆ. ಆರು ಕ್ಯಾನ್ವಾಸ್ ಮಾಡಿದೆ. ಆರೂ ಕ್ಯಾಲೆಂಡರಿನ ಕಾಡು. ಹಸಿರು ಚೆನ್ನಾಗಿತ್ತು, ಅಷ್ಟೇ.

ಕಣ್ಣು ತೆರೆಸಿದ್ದು ಸಾಗರದ ಕಡೆಯ ದೀವರ ಸಮುದಾಯದ ಮನೆಯೊಂದರ ಭೂಮಣ್ಣಿ ಬುಟ್ಟಿ. ಭೂಮಿ ಹುಣ್ಣಿಮೆಗೆ ಬಸುರಿ ಭೂಮಿತಾಯಿಯ ಬಯಕೆ ಊಟವನ್ನು ಗದ್ದೆಗೆ ಒಯ್ಯುವ ಬುಟ್ಟಿ ಅದು. ಸಗಣಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿ ಹಿಟ್ಟಿನ ಚಿತ್ತಾರ. ಪುಂಡಿನಾರಿನ ಕುಂಚ ಹಿಡಿದಿದ್ದ ಅಜ್ಜಿಯ ಪಕ್ಕ ಕೂತು ನಾನೂ ಒಂದೆಳೆ ಹಾಕಹೋದೆ. ಸೊಟ್ಟಗಾಯಿತು. "ಬಿಗಿ ಹಿಡೀಬ್ಯಾಡ ತಮ್ಮಾ, ಎಳೆ ತಾನೇ ಹೋಗ್ತದೆ" ಅಂದರು.

ಊರಿಗೆ ಬಂದು ಟ್ಯೂಬು ಕಟ್ಟಿಟ್ಟೆ. ರಸ್ತೆ ಅಗಲ ಮಾಡಲು ಕಡಿದ ಧರೆಯಿಂದ ಕೆಮ್ಮಣ್ಣು ತಂದೆ. ಈಗ ಅದಕ್ಕೇನೂ ಬರವಿಲ್ಲ. ನೀರಲ್ಲಿ ಕದಡಿ, ಮರಳು ತಳ ಸೇರುತ್ತಲೇ ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಬೇಕು. ಹೀಗೆ ಮೂರು ಸಲ. ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ತಳದಲ್ಲಿ ಬೆಣ್ಣೆಯಂಥ ಮಣ್ಣು. ಅದಕ್ಕೆ ಜಾಲಿ ಗೋಂದು ಸೇರಿಸಿ, ಹಲಗೆಗೆ ಅಂಟಿಸಿದ ಖಾದಿಯ ಮೇಲೆ ಬಳಿದೆ. ಕಪ್ಪಿಗೆ ಸೀಯುವಷ್ಟು ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಹಸಿರೇ ಇಲ್ಲ! ಕಾಡಿನ ಚಿತ್ರಕ್ಕೆ ಹಸಿರಿಲ್ಲವೆಂದು ಮೊದಲ ವಾರ ಕೈ ಓಡಲಿಲ್ಲ.

ಬೇರಿನ ಮಂಡಿಗಳನ್ನು ಮೂರೆಳೆಯಲ್ಲಿ ಕಟ್ಟುತ್ತಾ ಹೋದೆ. ನೆರಳಿಲ್ಲ, ಉಬ್ಬುತಗ್ಗಿಲ್ಲ. ನಡುವೆ ಚೌಡಿಕಲ್ಲಿಗೆ, ಚೌಡಿ ದೇವತೆಯ ಕಲ್ಲಿಗೆ, ಒಂದು ಹಳದಿ ಚುಕ್ಕೆ. ಕೆಳಗೆ ಒಂದು ಪಟ್ಟಿಯನ್ನು ಬರಿ ಮಣ್ಣಾಗಿಯೇ ಬಿಟ್ಟೆ. ಜಡ್ಡಿ ಬಸಿದು ಗದ್ದೆ, ಅಡಿಕೆ ತೋಟ ಮಾಡಿದವರು ನಮ್ಮವರೇ. ನಮ್ಮ ಮನೆಯ ತೋಟದ ಕೆಳಪಟ್ಟಿಯೂ ಹಾಗೆ ಆದದ್ದು. ಅದನ್ನು ಬಿಟ್ಟು ಕಾಡಿನ ಬಗ್ಗೆ ಕೊರಗುವುದು ನನಗೆ ಸರಿ ಕಾಣಲಿಲ್ಲ.

ಜುಲೈಯಲ್ಲಿ ಹಲಗೆಗಳಿಗೆ ಬೂಷ್ಟು ಬಂತು. ಅಕ್ಕಿ ಹಿಟ್ಟಿನ ಎಳೆಗಳ ಮೇಲೇ, ಬೂದು ಹತ್ತಿಯ ಹಾಗೆ. "ಒಂಚೂರು ಮೈಲುತುತ್ತ ಹಾಕೋ, ಅಡಿಕೆ ಕೊಳೆರೋಗಕ್ಕೇ ಹೆದರದ್ದು ಇದಕ್ಕೆ ಹೆದರ್ತದಾ?" ಅಂದ ತೋಟದ ಗೆಳೆಯ. ಮನಸ್ಸಾಗಲಿಲ್ಲ. ತೋಟದಿಂದ ತೊಳೆದು ಹಳ್ಳಕ್ಕಿಳಿಯುವುದೂ ಅದೇ ತಾನೆ. ಲವಂಗದೆಣ್ಣೆ ಹಾಕಿ ನೋಡಿದೆ, ಸ್ವಲ್ಪ ತಡೆಯಿತು. ಕೊನೆಗೆ ಮಾರುವ ಚಿತ್ರಗಳಿಗೆ ಅಕ್ಕಿಯ ಬದಲು ಬಿಳಿ ಜೇಡಿಮಣ್ಣು ಅಂತ ಮಾಡಿಕೊಂಡೆ. ಬಿಳುಪು ಕೊಂಚ ಮಂಕು, ಆದರೆ ಎಳೆಯಲ್ಲಿ ಬೂಷ್ಟಿಗೆ ತಿನ್ನಲು ಅಕ್ಕಿ ಇಲ್ಲ. ನನಗೆಂದು ಇಟ್ಟುಕೊಳ್ಳುವುದು ಮಾತ್ರ ಅಕ್ಕಿಯದೇ.

ಬೂಷ್ಟು ಹಿಡಿದದ್ದನ್ನೇ ಒಬ್ಬರು ಬೆಂಗಳೂರಿಗೆ ಕೊಂಡೊಯ್ದರು, ಎಷ್ಟು ಬೇಡವೆಂದರೂ ಕೇಳಲಿಲ್ಲ. ಎಷ್ಟು ವರ್ಷ ಬಾಳುತ್ತದೆ ಅಂದರು. ಮಳೆಗಾಲದಲ್ಲಿ ಒಲೆ ಮೇಲಿನ ಅಟ್ಟದಲ್ಲಿಡಿ ಅಂದೆ. "ನಮ್ಮ ಫ್ಲ್ಯಾಟಲ್ಲಿ ಅಟ್ಟ ಎಲ್ಲಿಂದ ತರೋಣ?" ಅಂತ ನಕ್ಕರು.